ಮಣಿಕಟ್ಟಿನ ಗೆರೆ

ಅಮ್ಮನನ್ನು ಪರೀಕ್ಷೆಗೆ ಕರೆದಿದ್ದರು.

ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಂಥವಳನ್ನು ಡಾಕ್ಟರಾಗುವವರ ಪರೀಕ್ಷೆಗೆ ಕರೆದಿದ್ದರು. ಬರೆಯುವುದಕ್ಕಲ್ಲ, ಕೂರುವುದಕ್ಕೆ. ಅಂಗಿಯ ತೋಳು ಮೇಲಕ್ಕೆ ಮಡಚಿ, ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ, ಬಂದವರೆಲ್ಲ ಮುಟ್ಟಿ ನೋಡಲಿ ಎಂದು ಕೂರುವುದಕ್ಕೆ. ಹುಡುಗರು ಹುಡುಗಿಯರು ಒಬ್ಬೊಬ್ಬರಾಗಿ ಬರುತ್ತಾರೆ. ಕೈ ನೋಡುತ್ತಾರೆ. ನಾಲ್ಕು ಪ್ರಶ್ನೆ ಕೇಳುತ್ತಾರೆ. ರೋಗ ಯಾವುದು, ಯಾಕೆ ಬಂತು ಎಂದು ಬರೆಯುತ್ತಾರೆ. ಸರಿಯಾಗಿ ಬರೆದವರು ಪಾಸು. ಹೀಗೆ ಕೂರುವ ರೋಗಿಗೆ ಆಸ್ಪತ್ರೆಯಲ್ಲಿ ಕೇಸು ಅನ್ನುತ್ತಾರೆ. ಅಮ್ಮ ಆರನೇ ಕೇಸು.

ನಾವಿಬ್ಬರೂ ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದೆವು. ಅಮ್ಮ ಒದ್ದೆ ಕಡೆ. ನಾನು ಒಣ ಕಡೆ.

ಲಾಂಡ್ರಿ ಇದ್ದದ್ದು ನೆಲಮಾಳಿಗೆಯಲ್ಲಿ. ಮೇಲಿನ ಆರು ಮಹಡಿಗಳ ಹಾಸಿಗೆ ಬಟ್ಟೆ ಒಂದು ತಗಡಿನ ಕೊಳವೆಯಲ್ಲಿ ಜಾರಿ ಕೆಳಗೆ ಬಂದು ಬೀಳುತ್ತಿತ್ತು. ಧೊಪ್ಪೆಂದು. ದಿನವಿಡೀ. ರಕ್ತ, ಕೀವು, ವಾಂತಿ, ಉಚ್ಚೆ, ಹೇಲು. ಒಗೆಯುವುದಕ್ಕೆ ಯಂತ್ರವಿತ್ತು. ಬೇರೆ ಬೇರೆ ಮಾಡುವುದಕ್ಕೆ ಯಂತ್ರವಿರಲಿಲ್ಲ. ಅದಕ್ಕೆ ಹನ್ನೆರಡು ಹೆಂಗಸರಿದ್ದರು. ಮಡಿಕೆ ಬಿಡಿಸಬೇಕು. ಒಳಗೆ ಸಿಕ್ಕಿದ ಸೂಜಿ, ಹತ್ತಿ, ಒಮ್ಮೊಮ್ಮೆ ಕತ್ತರಿ, ಆರಿಸಿ ತೆಗೆಯಬೇಕು. ಆಮೇಲೆ ಬ್ಲೀಚಿನ ತೊಟ್ಟಿಯಲ್ಲಿ ಅದ್ದಿ, ತುಳಿದು, ಹಿಂಡಿ ಯಂತ್ರಕ್ಕೆ ಹಾಕಬೇಕು. ಅಲ್ಲಿ ಉಸಿರೆಳೆದರೆ ಮೂಗಿನೊಳಗೆ ಸೂಜಿ ಚುಚ್ಚಿದಂತಾಗುತ್ತಿತ್ತು.

ಒಣ ಕಡೆ ಅಂದರೆ ಮಡಚುವ ಮೇಜು. ಬಿಸಿ ಬಿಸಿ ಹಾಸು, ಸೋಪಿನ ವಾಸನೆ, ಕಿಟಕಿಯಲ್ಲಿ ಒಂದು ಗೇಣು ಬಿಸಿಲು. ಮಡಚಿದ್ದನ್ನು ಗಾಡಿಯಲ್ಲಿಟ್ಟು ಮಹಡಿಗಳಿಗೆ ಹಂಚುವುದೂ ನನ್ನದೇ ಕೆಲಸ. ಆ ಮೇಜಿನ ಮುಂದೆ ಒಬ್ಬರಿಗೆ ಮಾತ್ರ ಜಾಗ. ಅಮ್ಮ ಸೂಪರ್‌ವೈಸರಿಗೆ ಕೈಮುಗಿದು ಅದನ್ನು ನನಗೆ ಕೊಡಿಸಿದ್ದಳು. ನಾನು ಕನಸು ಕಾಣುವ ಹುಡುಗಿಯಂತೆ. ಒದ್ದೆ ಕಡೆ ಹಾಕಿದರೆ ತೊಟ್ಟಿಗೇ ಬಿದ್ದು ಸಾಯುತ್ತೇನಂತೆ. ಅದು ಅಮ್ಮನ ಮಾತು.

ಕನಸಿನ ಗೀಳು ಹಚ್ಚಿದವಳು ಅಜ್ಜಿ. ಅವಳೂ ಊರವರ ಬಟ್ಟೆ ಒಗೆದೇ ಸವೆದವಳು. ಅವಳ ಕಥೆಗಳಲ್ಲಿ ರಾಜನಿರುತ್ತಿದ್ದ, ರಾಣಿಯಿರುತ್ತಿದ್ದಳು, ಆದರೆ ಕಥೆ ಯಾವಾಗಲೂ ಹಿತ್ತಿಲಲ್ಲೇ ನಡೆಯುತ್ತಿತ್ತು. ಅದರಲ್ಲೊಂದು ಒಗೆಯುವವಳ ಕಥೆ. ಒಗೆದೂ ಒಗೆದೂ ಒಂದು ದಿನ ಅವಳ ಕೈಯ ಚರ್ಮ ಬೆರಳ ತುದಿಯಿಂದ ಮಣಿಕಟ್ಟಿನ ತನಕ ಕಳಚಿ ನೀರಿನಲ್ಲಿ ತೇಲಿಹೋಯಿತು. ಕೆಳಗೆ ಮೀಯುತ್ತಿದ್ದ ರಾಣಿ ಅದನ್ನು ಹಿಡಿದಳು. ಎಷ್ಟು ತೆಳು, ಎಷ್ಟು ಮೆತ್ತಗೆ ಅಂದಳು. ತೊಟ್ಟುಕೊಂಡಳು. ಅಂದಿನಿಂದ ರಾಣಿಯ ಕೈಗೆ ಮುಳ್ಳು ತಾಗದು, ಬೆಂಕಿ ತಾಗದು. ಒಗೆಯುವವಳ ಕೈಗೆ ಮಾತ್ರ ಗಾಳಿ ಬೀಸಿದರೂ ಉರಿ.

ಆಮೇಲೆ ಎಂದು ನಾನು ಕೇಳುತ್ತಿದ್ದೆ. ಅಜ್ಜಿ ಒಂದೊಂದು ಸಲ ಒಂದೊಂದು ಹೇಳುತ್ತಿದ್ದಳು. ಹಕ್ಕಿ ಬಂದು ಸೊಪ್ಪು ಹಚ್ಚಿತು ಅನ್ನುತ್ತಿದ್ದಳು. ಹಾವು ತನ್ನ ಪೊರೆ ಕೊಟ್ಟಿತು ಅನ್ನುತ್ತಿದ್ದಳು. ಒಮ್ಮೆ ಮಾತ್ರ, ಕಾಯಿಲೆ ಬಿದ್ದ ಮೇಲೆ, ಬೇರೆ ಹೇಳಿದಳು. ಆಮೇಲೆ ಅವಳು ರಾಣಿಯ ಮುಂದೆ ಹೋಗಿ ನಿಂತಳು, ಅಂದಳು. ನಿಂತು ಏನಂದಳು ಅಜ್ಜಿ? ಅದನ್ನ ಅವಳು ಹೇಳಬೇಕು, ನಾನು ಹೇಳೋದಲ್ಲ, ಅಂದು ಮಗ್ಗುಲಾದಳು.

ಎರಡು ವರ್ಷದ ಹಿಂದೆ ಲಾಂಡ್ರಿಗೆ ಕಿತ್ತಳೆ ಬಣ್ಣದ ಗ್ಲೌಸು ಬಂತು. ಪೆಟ್ಟಿಗೆ ಪೆಟ್ಟಿಗೆ. ಅದಕ್ಕೆ ಮುಂಚೆ ಹೆಂಗಸರು ಬರಿಗೈಲಿ ಇಲ್ಲವೇ ಹರುಕು ಪ್ಲಾಸ್ಟಿಕ್ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದರು. ಕೈ ಒಣಗಿ ಬಿರಿಯುತ್ತಿತ್ತು, ಅಷ್ಟೇ. ಹೊಸ ಗ್ಲೌಸು ಕಂಡು ನಾನು ಕುಣಿದೆ. ಕಳಚಿಹೋದ ಚರ್ಮ ವಾಪಸು ಬಂತು ಅಂದುಕೊಂಡೆ. ಅಮ್ಮ ಹಾಕಿಕೊಳ್ಳಲು ಒಲ್ಲೆ ಅಂದಳು. ಒಳಗೆ ಬೆವರುತ್ತದೆ, ಸೂಜಿ ಕೈಗೆ ತಿಳಿಯುವುದಿಲ್ಲ. ನಾನೇ ಕಾಡಿದೆ, ಬೇಡಿದೆ, ಬೆರಳು ಬೆರಳಿಗೆ ತೊಡಿಸಿದೆ.

ಮೂರು ವಾರಕ್ಕೆ ತುರಿಕೆ ಶುರುವಾಯಿತು. ಬೆರಳ ಸಂದಿಯಲ್ಲಿ ಸಾಸಿವೆಯಂಥ ನೀರುಗುಳ್ಳೆ. ಒಡೆದು ಸೋರಿತು. ಹಕ್ಕಳೆ ಕಟ್ಟಿತು. ಹಕ್ಕಳೆ ಕಿತ್ತು ಮತ್ತೆ ಸೋರಿತು. ಆಮೇಲೆ ಚರ್ಮ ಮರದ ತೊಗಟೆಯಂತೆ ದಪ್ಪಗಾಯಿತು, ಗೆಣ್ಣುಗಳ ಮೇಲೆ ಸೀಳಿತು. ಸೀಳಿನೊಳಗೆ ಕೆಂಪು ಮಾಂಸ. ಅಮ್ಮ ತಟ್ಟೆ ಹಿಡಿಯುವಾಗ ಅಂಗೈ ಬಿಟ್ಟು ಬೆರಳ ತುದಿಯಲ್ಲಿ ಹಿಡಿಯುತ್ತಿದ್ದಳು. ಗುಂಡಿ ಹಾಕಲು ಆಗುತ್ತಿರಲಿಲ್ಲ. ನಾನು ಹಾಕುತ್ತಿದ್ದೆ.

ಗ್ಲೌಸು ಸರಿಯಾಗಿ ಹಾಕ್ತಾ ಇಲ್ಲ, ಅದಕ್ಕೇ ಹೀಗೆ, ಅಂದ ಸೂಪರ್‌ವೈಸರು. ಅಮ್ಮ ನಂಬಿದಳು. ನಾನೂ ನಂಬಿದೆ. ಒಂದರ ಮೇಲೊಂದು ಎರಡು ಜೊತೆ ಹಾಕಿದಳು. ಹೆಚ್ಚಾಯಿತು. ಮನೆಗೂ ತಂದಳು. ಪಾತ್ರೆ ತೊಳೆಯುವಾಗ ಹಾಕಿದಳು. ಕೊನೆಗೆ ಒಳಗೆ ಎಣ್ಣೆ ಸುರಿದು, ತೊಟ್ಟುಕೊಂಡೇ ಮಲಗತೊಡಗಿದಳು. ಮಣಿಕಟ್ಟಿಗೆ ದಾರ ಕಟ್ಟುತ್ತಿದ್ದವಳು ನಾನು. ಬಿಗಿಯಾಗಿ ಕಟ್ಟೇ, ವಾಸಿ ಆಗಲಿ, ಅನ್ನುತ್ತಿದ್ದಳು. ವಿಷವನ್ನು ನಾನು ಬಿಗಿಯಾಗಿ ಕಟ್ಟುತ್ತಿದ್ದೆ.

ಇದು ನನಗೆ ಗೊತ್ತಾದದ್ದು ಮೂರನೇ ಮಹಡಿಯಲ್ಲಿ.

ಮೂರನೇ ಮಹಡಿ ಚರ್ಮದ ವಿಭಾಗ. ಅಲ್ಲಿನ ಪಾಠದ ಕೋಣೆಯಲ್ಲಿ ಗೋಡೆಯುದ್ದ ಒಂದು ಚಿತ್ರವಿತ್ತು. ಚರ್ಮವನ್ನು ಕತ್ತರಿಸಿ ನಿಲ್ಲಿಸಿದ ಹಾಗೆ. ನಾನು ಗಾಡಿ ನಿಲ್ಲಿಸಿ ಅದನ್ನೇ ನೋಡುತ್ತ ನಿಂತುಬಿಡುತ್ತಿದ್ದೆ. ಮೂರು ಪದರ. ಎಲ್ಲಕ್ಕಿಂತ ಕೆಳಗೆ ಹಳದಿ ಕೊಬ್ಬು, ಮೆತ್ತೆಯ ಹಾಗೆ. ನಡುವೆ ಬೆವರಿನ ಸುರುಳಿ, ಕೂದಲ ಬೇರು, ಎಣ್ಣೆಯ ಪುಟ್ಟ ಚೀಲ, ನೋವು ಬಿಸಿ ತಣುಪು ತಿಳಿಯುವ ನರದ ತುದಿ. ಮೇಲಿನದು ಕಾಗದದಷ್ಟು ತೆಳು. ಅದರ ತಳದಲ್ಲಿ ಕಣಗಳು ಹುಟ್ಟುತ್ತವೆ. ಒಂದನ್ನೊಂದು ತಳ್ಳುತ್ತ ಮೇಲೇರುತ್ತವೆ. ಏರುತ್ತ ಏರುತ್ತ ಸಾಯುತ್ತವೆ. ಸತ್ತ ಮೇಲೂ ಬಿಡುಗಡೆಯಿಲ್ಲ. ಉದುರಿಹೋಗುವ ತನಕ ಹೆಂಚಿನಂತೆ ಒತ್ತೊತ್ತಾಗಿ ಕೂತು ಒಳಗಿನವರನ್ನು ಕಾಯುತ್ತವೆ. ನೀರು ಹೊರಗೆ ಹೋಗದಂತೆ, ನಂಜು ಒಳಗೆ ಬರದಂತೆ. ತಿಂಗಳೊಪ್ಪತ್ತಿಗೆ ಎಲ್ಲವೂ ಹೊಸದು. ದೊಡ್ಡವರ ಚರ್ಮ ಬಿಚ್ಚಿ ಹಾಸಿದರೆ ಹತ್ತಿರ ಹತ್ತಿರ ಒಂದು ಮಂಚ ಮುಚ್ಚುತ್ತದಂತೆ. ಒಂದು ಹಾಸು. ನನಗೆ ತಕ್ಷಣ ಅಳತೆ ಸಿಕ್ಕಿತು. ದಿನಕ್ಕೆ ಅಂಥ ಮುನ್ನೂರು ಮಡಚುತ್ತಿದ್ದೆ.

ಆ ದಿನ ಪರದೆಯಾಚೆ ದೊಡ್ಡ ಡಾಕ್ಟರು ಪಾಠ ಮಾಡುತ್ತಿದ್ದರು. ವಿಭಾಗಕ್ಕೆ ಅವರೇ ಯಜಮಾನರು. ಗಂಟಲು ಗಟ್ಟಿ, ಮಾತು ಚೊಕ್ಕ. ಕೈಗೆ ಇಸುಬು ಬಂದವರು ಎದುರಿಗೆ ಕೂತರೆ ಎರಡು ಪ್ರಶ್ನೆ ಮರೆಯಬೇಡಿ ಅಂದರು. ಏನು ಕೆಲಸ ಮಾಡ್ತೀರಿ? ರಜೆ ಹಾಕಿದಾಗ ಕಡಿಮೆ ಆಗುತ್ತಾ? ಆಮೇಲೆ ಅಂಚು ನೋಡಿ. ಒಳಗಿನಿಂದ ಬರುವ ರೋಗ ಸ್ಕೇಲು ಹಿಡಿದು ಗೆರೆ ಎಳೆಯೋದಿಲ್ಲ. ನೇರ ಗೆರೆ ಕಂಡರೆ ಹೊರಗಿನದು ಏನೋ ಎಳೆದಿದೆ. ಕಾಲಿಗೆ ಚಪ್ಪಲಿ, ಕಿವಿಗೆ ಓಲೆ, ಕೈಗೆ ರಬ್ಬರ್ ಗ್ಲೌಸು.

ನನ್ನ ಕೈಯಲ್ಲಿದ್ದ ಹಾಸುಗಳು ನೆಲಕ್ಕೆ ಬಿದ್ದವು.

ಅಮ್ಮ ನಡುವೆ ಒಮ್ಮೆ ಕಾಲು ಮುರಿದುಕೊಂಡ ಚಿಕ್ಕಮ್ಮನನ್ನು ನೋಡಿಕೊಳ್ಳಲು ಹನ್ನೆರಡು ದಿನ ಹೋಗಿದ್ದಳು. ಗ್ಲೌಸು ಮನೆಯಲ್ಲೇ ಮರೆತಿದ್ದಳು. ವಾಪಸು ಬಂದಾಗ ಕೈ ತಿಳಿಯಾಗಿತ್ತು. ತಂಗಿ ಮನೆ ನೀರು ಒಳ್ಳೇದು ಅಂದಿದ್ದಳು. ಕೆಲಸಕ್ಕೆ ಬಂದ ಮೂರನೇ ದಿನ ಮತ್ತೆ ಗುಳ್ಳೆ ಎದ್ದವು. ಇನ್ನು ಗೆರೆ. ಅಮ್ಮನ ಎರಡೂ ಮಣಿಕಟ್ಟಿನ ಮೇಲೆ, ಮೂರು ಬೆರಳು ಬಿಟ್ಟು, ಬಳೆ ತೊಟ್ಟ ಹಾಗೆ. ಗೆರೆಯ ಕೆಳಗೆ ಕೆಂಪು, ತೊಗಟೆ, ಕೀವು. ಮೇಲೆ ಅಮ್ಮನ ತೋಳು, ತಣ್ಣಗೆ, ನಾನು ಚಿಕ್ಕವಳಿದ್ದಾಗ ತಲೆಯಿಟ್ಟು ಮಲಗುತ್ತಿದ್ದ ಹಾಗೆಯೇ.

ಮಾರನೆಯ ದಿನವೇ ಅವಳನ್ನು ದೊಡ್ಡ ಡಾಕ್ಟರ ಮುಂದೆ ನಿಲ್ಲಿಸಿದೆ. ಅವರು ಕೈ ನೋಡಿದರು. ಗೆರೆ ನೋಡಿದರು. ಕಣ್ಣು ಒಂದು ಗಳಿಗೆ ಅಲ್ಲೇ ನಿಂತಿತು. ಎಲ್ಲಿ ಕೆಲಸ ಅಂದರು. ಕೆಳಗೆ, ಲಾಂಡ್ರಿಯಲ್ಲಿ, ಅಂದೆ. ಪೆನ್ನಿನ ಮುಚ್ಚಳ ಹಾಕಿದರು. ನಾಳೆ ಬನ್ನಿ ಅಂದರು.

ಆ ಗ್ಲೌಸು ಚರ್ಮಕ್ಕೆ ಒಳ್ಳೆಯದು ಎಂದು ಖರೀದಿ ಕಾಗದಕ್ಕೆ ಸಹಿ ಹಾಕಿದವರು ಅವರೇ. ಇದನ್ನು ಸೂಪರ್‌ವೈಸರೇ ಬಾಯಿಬಿಟ್ಟ. ದೊಡ್ಡವರ ಸಹಿ ಇರೋ ಗ್ಲೌಸಿಗೆ ಹೆಸರಿಡ್ತೀರಾ, ನಿಮ್ಮ ಕೈಗೆ ಹೆಸರಿಡಿ, ಅಂದ. ಎರಡು ದಿನಕ್ಕೆ ಗೋಡೆಗೆ ಆದೇಶ ಅಂಟಿತು. ಕೈಯಲ್ಲಿ ಚರ್ಮರೋಗ ಇರುವವರು ರೋಗಿಗಳ ಬಟ್ಟೆ ಮುಟ್ಟುವಂತಿಲ್ಲ. ಅಂಥವರನ್ನು ಕೆಲಸದಿಂದ ತೆಗೆಯಲಾಗುವುದು. ಲಾಂಡ್ರಿಯ ಹೆಂಗಸರೆಲ್ಲ ಅಂದಿನಿಂದ ಉದ್ದ ತೋಳಿನ ಅಂಗಿ ಹಾಕತೊಡಗಿದರು. ಉರಿಯುವ ಹಬೆಯಲ್ಲಿ, ಮಣಿಕಟ್ಟಿನ ತನಕ ಗುಂಡಿ ಹಾಕಿ. ಯಾರೂ ಯಾರನ್ನೂ ಯಾಕೆ ಎಂದು ಕೇಳಲಿಲ್ಲ.

ಆಮೇಲೆ ದೊಡ್ಡ ಡಾಕ್ಟರು ಅಮ್ಮನನ್ನು ಕರೆಸಿದರು. ಈ ಸಲ ಕುರ್ಚಿ ಕೊಟ್ಟರು.

"ನೋಡಮ್ಮ, ನಿಂದು ಹುಟ್ಟುಗುಣದ ಇಸುಬು. ಅಂಟೋದಲ್ಲ. ಹಾಗಂತ ನಾನು ಬರೆದುಕೊಟ್ರೆ ನಿನ್ನ ಯಾರೂ ತೆಗೆಯೋಕಾಗಲ್ಲ. ಮಡಚೋ ಮೇಜಿಗೆ ಹಾಕಿಸ್ತೀನಿ. ನೀರಿಲ್ಲ, ಬ್ಲೀಚಿಲ್ಲ. ಒಂದೇ ಒಂದು ಉಪಕಾರ ಮಾಡು. ಪರೀಕ್ಷೆಗೆ ಕೂತ್ಕೋ. ಕೇಳಿದ್ದಕ್ಕೆ ಇಷ್ಟು ಹೇಳು, ಸಾಕು."

ಮೂರು ಉತ್ತರ ಕೊಟ್ಟರು. ಕೆಲಸ ಏನು ಅಂದರೆ ಮನೆಕೆಲಸ. ಯಾವಾಗಿನಿಂದ ಅಂದರೆ ಚಿಕ್ಕಂದಿನಿಂದ. ಬೇರೆ ಕಡೆ ಹೋದಾಗ ಕಡಿಮೆ ಆಗುತ್ತಾ ಅಂದರೆ ಇಲ್ಲ. ಈ ಮೂರನ್ನು ಆರು ಹುಡುಗರು ಆರು ಕಾಗದದಲ್ಲಿ ಬರೆದರೆ, ಅದಕ್ಕೆ ಹೊರಗಿನಿಂದ ಬಂದ ಪರೀಕ್ಷಕರ ಸಹಿ ಬಿದ್ದರೆ, ಗ್ಲೌಸಿನ ಸುದ್ದಿ ಅಲ್ಲಿಗೆ ಮುಗಿಯಿತು. ಉಳಿದ ಹನ್ನೊಂದು ಹೆಂಗಸರಿಗೂ ಅದೇ ಕಾಗದ ತೋರಿಸಬಹುದು. ನಿಮ್ಮದೂ ಹುಟ್ಟುಗುಣ ಅನ್ನಬಹುದು. ಇಲ್ಲವೇ ಗೋಡೆಯ ಆದೇಶ ತೋರಿಸಿ ಹೊರಗೆ ಹಾಕಬಹುದು. ಯಾವುದು ಬೇಕೋ ಅದು.

ಇದೆಲ್ಲ ನನಗೆ ಅರ್ಥವಾಗಿತ್ತು. ಆದರೂ ಕಲಿಸಿದವಳು ನಾನೇ. ಅಮ್ಮನ ಕೈ ಒಣಗಲಿ, ಉಳಿದದ್ದು ಆಮೇಲೆ, ಅಂದುಕೊಂಡೆ. ಮನೆಯಲ್ಲಿ ಅಡುಗೆ ಕಟ್ಟೆಯ ಮುಂದೆ ನಾನು ಡಾಕ್ಟರು, ಅವಳು ಕೇಸು. ಕೆಲಸ ಏನಮ್ಮ ಅಂದರೆ ಅವಳು ಲಾಂ ಎಂದು ಬಾಯಿ ತೆರೆದು ಕಚ್ಚಿಕೊಳ್ಳುತ್ತಿದ್ದಳು. ಮನೆಕೆಲಸ, ಅನ್ನು. ಮನೆಕೆಲಸ. ಯಾವಾಗಿನಿಂದ? ನಿನ್ನ ದರಿದ್ರ ಗ್ಲೌಸು ಬಂದಾಗಿನಿಂದ, ಅಂದು ನಕ್ಕಳು. ನನಗೆ ನಗು ಬರಲಿಲ್ಲ. ಮೂರು ಸಂಜೆ ಬಾಯಿಪಾಠ ಮಾಡಿಸಿದೆ. ಮೂರನೇ ಸಂಜೆ ಅವಳು ಗಿಣಿಯಂತೆ ಹೇಳಿದಳು. ಹೇಳಿ, ಗೋಡೆಯ ಕಡೆ ತಿರುಗಿ ಕೂತಳು. ನಮ್ಮಮ್ಮ ಹೆತ್ತ ಮೈ ಇದು ಕಣೆ, ಅಂದಳು. ಕೊಳಕು ಮೈ ಹೆತ್ತಳು ಅಂತ ಹೇಳ್ಕೊಂಡು ಬರಬೇಕು ನಾನು.

ಪರೀಕ್ಷೆಯ ಬೆಳಿಗ್ಗೆ ನಾನು ಹಾಸುಗಳ ಗಾಡಿ ಹೊರಡಿಸುವಾಗ ಸೂಪರ್‌ವೈಸರು ಬಂದ. ಕೈಯಲ್ಲಿ ಹೊಸ ಪೊಟ್ಟಣ. ಒಳಗೆ ಕಿತ್ತಳೆ ಬಣ್ಣದ ಒಂದು ಜೊತೆ. ತಗೋ, ನಾಳೆಯಿಂದ ನೀನು ಒದ್ದೆ ಕಡೆ, ಅಂದ. ಮೇಜಿನ ಮುಂದೆ ಜಾಗ ಒಂದೇ ತಾನೇ. ಅಮ್ಮ ಬಂದರೆ ಮಗಳು ಎದ್ದೇಳಬೇಕು.

ಗ್ಲೌಸನ್ನು ಅಂಗಿಯ ಜೇಬಿಗೆ ತುರುಕಿದೆ. ನನ್ನ ಕೈ ಎಳೆಯದು, ತಡೆಯುತ್ತದೆ ಅಂದುಕೊಂಡೆ. ಅಮ್ಮನಿಗೆ ಹೇಳಬಾರದು ಅಂದುಕೊಂಡೆ. ಲಿಫ್ಟಿನ ಕನ್ನಡಿಯಲ್ಲಿ ನನ್ನ ಕೈಗಳನ್ನು ನೋಡಿದೆ. ನೋಡಬಾರದಿತ್ತು.

ಮೂರನೇ ಮಹಡಿಯ ಮೊಗಸಾಲೆಯಲ್ಲಿ ಕೇಸುಗಳು ಬೆಂಚಿನ ಮೇಲೆ ಸಾಲಾಗಿ ಕೂತಿದ್ದವು. ಹುಳುಕಡ್ಡಿಯ ಹುಡುಗ. ಕಜ್ಜಿ ಹತ್ತಿದ ತಾಯಿ ಮಗು. ಮುಖದ ಅರ್ಧ ಬಿಳಿಯಾದ ಟೀಚರಮ್ಮ. ಬಣ್ಣ ಹೋದ ಮೇಲೆ ಶಾಲೆಯವರು ಮಕ್ಕಳು ಹೆದರುತ್ತಾರೆ ಎಂದು ಮನೆಗೆ ಕಳಿಸಿದ್ದರಂತೆ. ಮಕ್ಕಳು ಹೆದರಿರಲಿಲ್ಲವಂತೆ. ಮೊದಲ ಜಾಗದಲ್ಲಿ ಎಲ್ಲರೂ ಬೆಳ್ಳಿ ಮಾಮ ಅನ್ನುವವನು. ಸೋರಿಯಾಸಿಸ್. ಮೊಣಕೈ ಮೊಣಕಾಲಿನ ಮೇಲೆ ಬೆಳ್ಳಿಯಂಥ ಹೊಟ್ಟು; ಅವನು ಎದ್ದರೆ ಬೆಂಚಿನ ಮೇಲೆ ಪುಡಿ ಉಳಿಯುತ್ತಿತ್ತು. ಎಲ್ಲರ ಚರ್ಮ ತಿಂಗಳಿಗೆ ಬೆಳೆದರೆ ಅವನದು ನಾಲ್ಕೈದು ದಿನಕ್ಕೆ ಬೆಳೆದು ರಾಶಿ ಬೀಳುತ್ತದಂತೆ. ನನ್ನ ಚರ್ಮಕ್ಕೆ ಓವರ್‌ಟೈಮು, ಅನ್ನುತ್ತಿದ್ದ. ಇಪ್ಪತ್ತೆರಡು ಬ್ಯಾಚು ಪಾಸು ಮಾಡಿಸಿದ್ದನಂತೆ. ಅಮ್ಮನಿಗೆ ಧೈರ್ಯ ಹೇಳಿದ.

"ಹೆದರ್ಬೇಡ ತಂಗಿ. ಅವರು ನಿನ್ನ ಮುಖ ನೋಡಲ್ಲ. ನಾನು ಸತ್ತು ಅವರ ಮನೆ ಬಾಗಿಲಿಗೆ ಹೋದ್ರೂ ಗುರುತು ಸಿಗಲ್ಲ. ಮೊಣಕಾಲು ತೋರಿಸಿದ್ರೆ ಮಾತ್ರ ಒಳಗೆ ಕರೀತಾರೆ."

ಒಬ್ಬರು ಹೋಗಿ ಒಬ್ಬರು ಬರುವ ನಡುವೆ ಪರೀಕ್ಷೆಯ ಮಂಚದ ಹಾಸು ಬದಲಿಸುವುದು ನನ್ನ ಕೆಲಸ. ಅದಕ್ಕೇ ನಾನು ಎಲ್ಲ ಕಂಡೆ. ಮೊದಲನೆಯವನು ಪೆನ್ನಿನ ತುದಿಯಿಂದ ಅಮ್ಮನ ಬೆರಳು ಎತ್ತಿದ. ಎರಡನೆಯವಳು ಮೂಗಿಗೆ ಬಟ್ಟೆ ಕಟ್ಟಿದಳು. ಮೂರನೆಯವನು ಹಕ್ಕಳೆ ಕೆರೆದು ಬೆಳಕಿಗೆ ಹಿಡಿದ, ರಕ್ತ ಬಂತು, ಸಾರಿ ಎಂದು ತನ್ನ ಪುಸ್ತಕಕ್ಕೆ ಹೇಳಿದ. ಎಲ್ಲರೂ ಅದೇ ಮೂರು ಪ್ರಶ್ನೆ. ಅಮ್ಮ ಅದೇ ಮೂರು ಉತ್ತರ. ಮನೆಕೆಲಸ. ಚಿಕ್ಕಂದಿನಿಂದ. ಇಲ್ಲ. ಐದು ಜನ ಹುಟ್ಟುಗುಣ ಎಂದು ಬರೆದು ಎದ್ದರು.

ಐದನೆಯವನು ಹೋದ ಮೇಲೆ ನಾನು ಹಾಸು ಎಳೆಯಲು ಬಗ್ಗಿದೆ. ಜೇಬಿನಿಂದ ಒಂದು ಕಿತ್ತಳೆ ಬೆರಳು ಹೊರಗೆ ಇಣುಕಿತು.

ಅಮ್ಮ ನೋಡಿದಳು. ಬೆರಳು ನೋಡಿದಳು, ನನ್ನ ಮುಖ ನೋಡಿದಳು. ಹೊಸದು ಎಂದು ಅವಳಿಗೆ ತಿಳಿಯಿತು. ಯಾರಿಗೆ ಎಂದೂ ತಿಳಿಯಿತು. ನಾನು ಜೇಬು ಮುಚ್ಚಿಕೊಂಡೆ. ಏನೂ ಇಲ್ಲಮ್ಮ ಅಂದೆ. ಅವಳು ಕೇಳಿರಲೇ ಇಲ್ಲ.

ಆರನೆಯವಳು ಬಂದಳು. ನನ್ನದೇ ವಯಸ್ಸು. ಮುಟ್ಟಲಾ ಅಮ್ಮಾ ಎಂದು ಕೇಳಿ ಮುಟ್ಟಿದಳು. ಬರಿಗೈಲಿ. ಪ್ರಶ್ನೆ ಕೇಳಿದಳು, ಉತ್ತರ ಬರೆದುಕೊಂಡಳು. ಆಮೇಲೆ ಎರಡೂ ಮಣಿಕಟ್ಟುಗಳನ್ನು ಹತ್ತಿರ ತಂದು ಜೋಡಿಸಿದಳು. ತನ್ನ ಬೆರಳಿನಿಂದ ಗೆರೆಯ ಗುಂಟ ಸುತ್ತಿದಳು.

"ಅಮ್ಮಾ, ಇದು ಇಲ್ಲಿಗೇ ಯಾಕೆ ನಿಂತಿದೆ?"

ಈ ಪ್ರಶ್ನೆಗೆ ಉತ್ತರ ಯಾರೂ ಕಲಿಸಿರಲಿಲ್ಲ. ಹುಡುಗಿ ತುಂಬ ಹೊತ್ತು ನೋಡಿ, ಏನೋ ಹೊಡೆದುಹಾಕಿ, ಏನೋ ಬರೆದಳು.

ಅದೇ ಕೋಣೆಯ ಇನ್ನೊಂದು ಮೇಜಿನಲ್ಲಿ ಹೊರಗಿನ ಪರೀಕ್ಷಕಿ, ನೆರೆತ ತಲೆಯ ಹೆಂಗಸು. ಪಕ್ಕದಲ್ಲಿ ದೊಡ್ಡ ಡಾಕ್ಟರು. ಹುಡುಗಿ ಎದುರಿಗೆ ನಿಂತು ಒಂದೊಂದಾಗಿ ಹೇಳಿದಳು. ರೋಗಿ ಮನೆಕೆಲಸ ಅನ್ನುತ್ತಾರೆ. ಆದರೆ ಅಂಚು ನೇರವಾಗಿದೆ. ಎರಡೂ ಕೈಗೆ ಒಂದೇ ಎತ್ತರ. ಇದು ರಬ್ಬರ್ ಗ್ಲೌಸಿನಿಂದ ಬಂದದ್ದು. ದೊಡ್ಡ ಡಾಕ್ಟರು ನಕ್ಕರು. ರೋಗಿ ಗ್ಲೌಸು ಅಂದಳಾ ಎಂದು ಕೇಳಿದರು. ಇಲ್ಲ ಸಾರ್. ಲಾಂಡ್ರಿ ಅಂದಳಾ, ಫ್ಯಾಕ್ಟರಿ ಅಂದಳಾ? ಇಲ್ಲ ಸಾರ್. ಮತ್ತೆ ರೋಗಿ ಹೇಳಿದ್ದು ಬಿಟ್ಟು ನಿಮ್ಮ ಕಥೆ ಕಟ್ತೀರಾ? ನೀವೇ ಪಾಠದಲ್ಲಿ ಹೇಳಿದ್ದು ಸಾರ್ ಎಂದು ಹುಡುಗಿ ತೊದಲಿದಳು. ಅವರು ಅಂಕದ ಹಾಳೆ ಹತ್ತಿರ ಎಳೆದುಕೊಂಡರು. ಮುಂದಿನ ವರ್ಷ ಬನ್ನಿ ಅಂದರು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು.

"ಆ ಮಗು ಹೇಳಿದ್ದು ಸರಿ."

ಹೇಳಿದವಳು ಅಮ್ಮ. ಕೇಸು ಮಾತಾಡಿತ್ತು. ಕೋಣೆಯಲ್ಲಿ ಪೆನ್ನುಗಳು ನಿಂತವು.

"ನಿನ್ನ ಯಾರೂ ಕೇಳಲಿಲ್ಲ," ಅಂದರು ದೊಡ್ಡ ಡಾಕ್ಟರು.

"ಹೌದು. ಯಾರೂ ಕೇಳಲಿಲ್ಲ. ಅದಕ್ಕೇ ಹೇಳ್ತಿದೀನಿ."

ಅಮ್ಮ ಎದ್ದಳು. ನನ್ನ ಕಡೆ ಕೈ ಚಾಚಿದಳು. ಅದನ್ನ ಕೊಡು ಅಂದಳು. ನಾನು ಅಲುಗಾಡಲಿಲ್ಲ. ಜೇಬಲ್ಲಿರೋದನ್ನ ಕೊಡೇ ಅಂದಳು. ಕೊಟ್ಟೆ. ಅವಳು ಗ್ಲೌಸನ್ನು ಕೊಡವಿ ಬಾಯಿ ಬಿಡಿಸಿ ತೊಡತೊಡಗಿದಳು. ಹಸಿ ಗಾಯದ ಮೇಲೆ ರಬ್ಬರು ಎಳೆಯುವ ಸದ್ದು. ಒಂದೊಂದು ಬೆರಳಿಗೂ ತುಟಿ ಕಚ್ಚಿದಳು. ತೊಟ್ಟು, ಕೈಯನ್ನು ಪರೀಕ್ಷಕಿಯ ಮೇಜಿನ ಮೇಲೆ, ಅಂಕದ ಹಾಳೆಯ ಮೇಲೆಯೇ ಇಟ್ಟಳು. ಗ್ಲೌಸಿನ ಬಾಯಿ ಗೆರೆಯ ಮೇಲೆ ಕೂತಿತ್ತು. ಕೂದಲೆಳೆ ಆಚೆಯಿಲ್ಲ, ಈಚೆಯಿಲ್ಲ.

"ಕೆಲಸ ಲಾಂಡ್ರಿ. ಇದೇ ಆಸ್ಪತ್ರೆ, ಕೆಳಗೆ. ಶುರುವಾಗಿದ್ದು ಇದು ಬಂದ ಮೇಲೆ. ಹನ್ನೆರಡು ದಿನ ರಜೆ ಹಾಕಿದ್ದೆ, ವಾಸಿ ಆಗಿತ್ತು. ನಮ್ಮಮ್ಮ ನನ್ನನ್ನ ಚೊಕ್ಕ ಮೈಯಲ್ಲೇ ಹೆತ್ತಿದ್ದು."

ಪರೀಕ್ಷಕಿ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಮೊದಲು ಬೇರೆ ಯಾಕೆ ಹೇಳಿದಿರಿ ಎಂದರು. ಹೇಳಿಕೊಟ್ಟಿದ್ದು ಹೇಳಿದೆ ಎಂದಳು ಅಮ್ಮ. ಯಾರು ಹೇಳಿಕೊಟ್ಟರು? ಅಮ್ಮ ನನ್ನ ಕಡೆ ತೋರಿಸಿದಳು.

"ನನ್ನ ಮಗಳು. ಪಾಪ, ಅವಳಿಗೂ ಯಾರೋ ಹೇಳಿಕೊಟ್ಟಿದ್ರು."

ದೊಡ್ಡ ಡಾಕ್ಟರು ಕಿಟಕಿ ನೋಡುತ್ತಿದ್ದರು. ಪರೀಕ್ಷಕಿ ಹುಡುಗಿಯ ಹಾಳೆಯಲ್ಲಿ ಅಂಕ ತುಂಬಿದರು. ಹುಡುಗಿ ಪಾಸು. ನನ್ನ ಹಾಳೆಯಲ್ಲೂ ಬರೀರಿ ಅಂದಳು ಅಮ್ಮ, ಚಿಕಿತ್ಸೆಯ ಹಾಳೆ ಮುಂದಿಟ್ಟು. ಪರೀಕ್ಷಕಿ ಪೆನ್ನು ಎತ್ತಿದರು. ಪಕ್ಕಕ್ಕೆ ನೋಡಿದರು. ಇಳಿಸಿದರು. ನಾನು ಪರೀಕ್ಷೆ ಮಾಡೋಕೆ ಬಂದವಳಮ್ಮ, ಇದು ಇಲ್ಲಿಯವರ ವಿಷಯ, ಅಂದರು. ಅಮ್ಮ ಗ್ಲೌಸು ಕಳಚಿದಳು. ಒಳಗೆ ಚರ್ಮದ ಚೂರು ಅಂಟಿ ಬಂತು. ಅದನ್ನು ಮೇಜಿನ ಮೇಲೇ ಬಿಟ್ಟು ಹೊರಗೆ ನಡೆದಳು.

ಸಂಜೆಗೆ ಅವಳ ಗುರುತಿನ ಚೀಟಿ ಕಿತ್ತುಕೊಂಡರು. ನಾಳೆಯಿಂದ ಗೇಟಿನೊಳಗೆ ಕಾಲಿಡುವ ಹಾಗಿಲ್ಲ.

ಅಮ್ಮ ಸುಮ್ಮನೆ ಮನೆಗೆ ಬರಲಿಲ್ಲ. ಪಾಳಿ ಮುಗಿದು ಹೆಂಗಸರು ಹೊರಬರುವ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಳು. ನಡೆದದ್ದೆಲ್ಲ ಹೇಳಿದಳು. ತನ್ನ ತೋಳು ಮಡಚಿ ಗೆರೆ ತೋರಿಸಿದಳು. ಒಬ್ಬಳು ಚಪ್ಪಲಿ ಹಾಕಿಕೊಂಡು ಎರಡು ಹೆಜ್ಜೆ ಹೋದಳು. ನನಗೆ ಮೂರು ಮಕ್ಕಳು ಕಣಕ್ಕ ಅಂದಳು. ನನಗೂ ಒಂದಿದೆ, ಅದಕ್ಕೆ ಇವತ್ತು ಗ್ಲೌಸು ಕೊಟ್ರು, ಅಂದಳು ಅಮ್ಮ. ಆ ಹೆಂಗಸು ನನ್ನ ಕೈ ನೋಡಿದಳು. ವಾಪಸು ಬಂದು ಕೂತಳು. ಹಲ್ಲಿನಿಂದ ತೋಳಿನ ಗುಂಡಿ ಬಿಚ್ಚಿದಳು. ಅವಳ ಬೆರಳಿಗೂ ಗುಂಡಿ ಬಿಚ್ಚಲು ಆಗುತ್ತಿರಲಿಲ್ಲ. ಆಮೇಲೆ ಇನ್ನೊಬ್ಬಳು. ಇನ್ನೊಬ್ಬಳು. ಹನ್ನೆರಡು ಜೊತೆ ಮಣಿಕಟ್ಟು. ಹನ್ನೆರಡರ ಮೇಲೂ ಅದೇ ಗೆರೆ.

ಗೇಟಿನಲ್ಲಿ ಬಿಡಲ್ಲವಲ್ಲ ಎಂದು ಯಾರೋ ಕೇಳಿದರು. ಕೆಲಸದವಳು ಅಂತ ಬಿಡಲ್ಲ, ರೋಗಿ ಅಂದರೆ ಬಿಡಲೇಬೇಕು, ಅಂದಳು ಅಮ್ಮ.

ಮಾರನೆಯ ದಿನವೂ ಪರೀಕ್ಷೆಯಿತ್ತು. ಬೆಳಿಗ್ಗೆ ಕೊಳವೆಯಿಂದ ಬಟ್ಟೆ ಬಿತ್ತು. ಬೀಳುತ್ತಲೇ ಇತ್ತು. ಎತ್ತುವವರಿರಲಿಲ್ಲ. ರಾಶಿ ಕೊಳವೆಯ ಬಾಯಿಗೆ ಮುಟ್ಟಿ, ಒಂದನೇ ಮಹಡಿಯ ಬಾಗಿಲ ತನಕ ತುಂಬಿ ನಿಂತಿತಂತೆ. ಸೂಪರ್‌ವೈಸರು ಬರಿಗೈಲಿ ಎಳೆಯಲು ಹೋಗಿ ಕೈ ಹಿಂದೆಗೆದನಂತೆ. ಮಡಚುವ ಮೇಜಿನ ಮುಂದೆ ನಾನಿರಲಿಲ್ಲ. ಮೂರನೇ ಮಹಡಿಯ ಪರೀಕ್ಷೆಯ ಮಂಚಗಳು ಹಾಸಿಲ್ಲದೆ ಬರಿ ಕಬ್ಬಿಣ, ಬರಿ ರೆಕ್ಸಿನ್ನು.

ನಾವು ಹೊರರೋಗಿಗಳ ಕಿಟಕಿಯಲ್ಲಿ ಸಾಲು ನಿಂತು ಚೀಟಿ ಮಾಡಿಸಿದೆವು. ವಿಭಾಗ? ಚರ್ಮ. ಮುಂದಿನವರು? ಚರ್ಮ. ಚೀಟಿ ಬರೆಯುವವನು ಏಳನೆಯವಳಿಗೆ ತಲೆಯೆತ್ತಿ ನೋಡಿದ.

ಮೊಗಸಾಲೆಯಲ್ಲಿ ಬೆಳ್ಳಿ ಮಾಮ ತನ್ನ ಪುಡಿ ಒರೆಸಿ ಜಾಗ ಬಿಟ್ಟ. ಟೀಚರಮ್ಮ ಬೆಂಚಿನ ಆ ತುದಿಗೆ ಸರಿದಳು. ಸಾಲದೆ ಉಳಿದವರು ನೆಲದ ಮೇಲೆ ಗೋಡೆಗೊರಗಿ ಕೂತರು. ಎಲ್ಲರ ತೋಳೂ ಮೇಲಕ್ಕೆ. ಎಲ್ಲರ ಕೈಯೂ ಮೊಣಕಾಲ ಮೇಲೆ, ಅಂಗೈ ಕೆಳಗೆ. ನಾನು ಅಮ್ಮನ ಪಕ್ಕ ಕೂತೆ. ನನ್ನ ಕೈಯಲ್ಲಿ ಗೆರೆಯಿರಲಿಲ್ಲ. ಆದರೂ ತೋಳು ಮಡಚಿದ್ದೆ. ಅಜ್ಜಿ ಹೇಳದೆ ಬಿಟ್ಟ ಜಾಗ ಇದೇ ಇರಬೇಕು ಅನ್ನಿಸಿತು.

ಲಿಫ್ಟಿನ ಬಾಗಿಲು ತೆರೆಯಿತು. ದೊಡ್ಡ ಡಾಕ್ಟರು, ಹಿಂದೆ ಪರೀಕ್ಷಕಿ, ಅವರ ಹಿಂದೆ ಬಿಳಿ ಕೋಟಿನ ಮಕ್ಕಳು. ಎಲ್ಲರೂ ನಿಂತರು. ಇವರನ್ನೆಲ್ಲ ಯಾರು ಕರೆದದ್ದು ಎಂದು ದೊಡ್ಡ ಡಾಕ್ಟರು ಕಾವಲಿನವನನ್ನು ಗದರಿದರು. ಚೀಟಿ ಇದೆ ಸಾರ್ ಅಂದ ಅವನು.

ಅಮ್ಮ ಏಳಲಿಲ್ಲ. ಕೂತಲ್ಲಿಂದಲೇ ಎರಡೂ ಕೈ ಮುಂದೆ ಚಾಚಿದಳು. ಹನ್ನೊಂದು ಜನ ಚಾಚಿದರು.

"ಕೇಳಿ ಡಾಕ್ಟ್ರೇ," ಅಂದಳು. "ಒಬ್ಬೊಬ್ಬರನ್ನೂ ಕೇಳಿ. ಇವತ್ತು ಯಾರೂ ಬಾಯಿಪಾಠ ಮಾಡ್ಕೊಂಡು ಬಂದಿಲ್ಲ."